ನೆಗ್ಗಿದ ಕರಡಿಗೆ

ಹೆಂಡತಿಯನ್ನು ಮಣ್ಣು ಮಾಡಿ ಬಂದ ಸಂಜೆ, ಬಂದವರೆಲ್ಲ ಸ್ನಾನ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದಾಗ, ನಾನು ದೇವರ ಜಗಲಿಯ ಮುಂದೆ ಹೋಗಿ ನಿಂತೆ. ಅಲ್ಲಿ ಅವಳ ಬೆಳ್ಳಿಯ ಕರಡಿಗೆ ಇತ್ತು. ಯಾರೋ ತೊಳೆದು ಇಟ್ಟಿದ್ದರು.

ನಮ್ಮಲ್ಲಿ ಹೆಣ್ಣು ಗಂಡೆನ್ನದೆ ಎಲ್ಲರೂ ಕೊರಳಲ್ಲಿ ಇಷ್ಟಲಿಂಗ ಧರಿಸುತ್ತೇವೆ. ಆ ಲಿಂಗವನ್ನು ಇಟ್ಟುಕೊಳ್ಳುವ ಪುಟ್ಟ ಡಬ್ಬಿಯೇ ಕರಡಿಗೆ. ಸತ್ತವರನ್ನು ನಾವು ಸುಡುವುದಿಲ್ಲ. ಗುಣಿ ತೋಡಿ, ಅದರ ಗೋಡೆಯಲ್ಲಿ ಒಂದು ಗೂಡು ಕೊರೆದು, ಪೂಜೆಗೆ ಕೂತ ಹಾಗೆ ಅವರನ್ನು ಅದರಲ್ಲಿ ಕೂರಿಸುತ್ತೇವೆ. ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು, ವಿಭೂತಿ, ಪತ್ರೆ ತುಂಬಿ ಮಣ್ಣು ಮುಚ್ಚುತ್ತೇವೆ. ಲಿಂಗ ಅವರ ಜೊತೆಗೇ ಹೋಗುತ್ತದೆ. ಅವಳದೂ ಹೋಗಿತ್ತು. ಮನೆಗೆ ಬಂದದ್ದು ಖಾಲಿ ಕರಡಿಗೆ ಮಾತ್ರ.

ಅದನ್ನು ಕೈಗೆತ್ತಿಕೊಂಡೆ. ನನ್ನ ಹೆಬ್ಬೆರಳು ತಾನಾಗಿಯೇ ಅದರ ಬದಿಯಲ್ಲಿ ನೆಗ್ಗನ್ನು ಹುಡುಕಿತು. ಹಿಂದೊಮ್ಮೆ ಅದು ಅವಳ ಕೈಜಾರಿ ಒಗೆಯುವ ಕಲ್ಲಿನ ಮೇಲೆ ಬಿದ್ದು ನೆಗ್ಗಿತ್ತು. ಸರಿ ಮಾಡಿಸಿಕೊಂಡು ಬರುತ್ತೇನೆ ಎಂದರೆ ಅವಳು ಕೊಟ್ಟಿರಲಿಲ್ಲ. "ಇರ್ಲಿ ಬಿಡ್ರಿ. ನೆಗ್ಗೈತೆ ಅಂತಾನೇ ನಂದು ಅಂತ ಗುರ್ತು ಸಿಗ್ತೈತೆ" ಅಂದಿದ್ದಳು.

ಕೈಯಲ್ಲಿದ್ದ ಕರಡಿಗೆಗೆ ನೆಗ್ಗು ಇರಲಿಲ್ಲ. ತಿರುಗಿಸಿ ನೋಡಿದೆ. ಬೆಳಕಿಗೆ ಹಿಡಿದು ನೋಡಿದೆ. ಎಲ್ಲಾ ಕಡೆ ನುಣುಪಾಗಿತ್ತು.

ನಮ್ಮ ಮನೆಯಲ್ಲಿ ಅಂಥದ್ದೇ ಇನ್ನೊಂದು ಕರಡಿಗೆ ಇದ್ದದ್ದು ಮಗಳ ಕೊರಳಲ್ಲಿ. ಎರಡನ್ನೂ ದಾವಣಗೆರೆಯ ಒಂದೇ ಅಂಗಡಿಯಲ್ಲಿ ಮಾಡಿಸಿದ್ದೆವು. ಮಗಳು ಇದ್ದದ್ದು ಸೈಪ್ರಸ್‌ನಲ್ಲಿ. ಅದು ಮೆಡಿಟರೇನಿಯನ್ ಸಮುದ್ರದ ನಡುವಿನ ದ್ವೀಪ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಅವಳು ನರ್ಸು. ತಾಯಿಗೆ ಎದೆನೋವು ಬಂದು, ಹರಿಹರದಿಂದ ದಾವಣಗೆರೆಗೆ ಕರೆದುಕೊಂಡು ಹೋಗಿ, ಪಿ.ಜೆ. ಬಡಾವಣೆಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲಾ ಮುಗಿದಿತ್ತು. ಮಗಳು ಹೊರಟು ಬರುವವರೆಗೆ ಕಾಯುವ ಹಾಗಿರಲಿಲ್ಲ. ನನ್ನ ತಮ್ಮ ಗುಣಿಯ ಮೇಲೆ ಬಗ್ಗಿ ಫೋನು ಹಿಡಿದುಕೊಂಡಿದ್ದ. ತಾಯಿ ಗೂಡಿನಲ್ಲಿ ಕೂತದ್ದನ್ನೂ, ವಿಧಿ ಮಾಡಿಸಿದ ಅಯ್ಯನವರು ಅವಳ ಅಂಗೈಯಲ್ಲಿ ಲಿಂಗ ಇಟ್ಟದ್ದನ್ನೂ ಮಗಳು ಅದರಲ್ಲೇ ನೋಡಿದಳು. ಒಂದು ಮಾತೂ ಆಡಲಿಲ್ಲ.

ಕೆಲವು ದಿನಗಳ ಮೇಲೆ ಅವಳು ವಿಡಿಯೊ ಕಾಲ್ ಮಾಡಿದಳು. ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಾ ಫೋನಿನ ಮುಂದೆ ಬಗ್ಗಿದಾಗ ಕೊರಳಿನ ಶಿವದಾರ ಜೋತುಬಿದ್ದು ಕರಡಿಗೆ ಪರದೆಯ ತುಂಬ ಕಂಡಿತು. ಅದರ ಬದಿಯಲ್ಲಿ ನೆಗ್ಗು ಇತ್ತು.

ಅವತ್ತಿನಿಂದ ನನಗೆ ಊಟ ರುಚಿಸದಂತಾಯಿತು. ಮಗಳು ಸೈಪ್ರಸ್‌ಗೆ ಹೊರಡುವ ಹಿಂದಿನ ದಿನ ತಾಯಿ ಎರಡೂ ಕರಡಿಗೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದದ್ದು ನೆನಪಿತ್ತು. ಆಗ ಲಿಂಗಗಳನ್ನು ತೆಗೆದು ತಟ್ಟೆಯಲ್ಲಿ ಇಟ್ಟಿದ್ದಳು. ಆಮೇಲೆ ಕರಡಿಗೆ ಮಾತ್ರ ಅದಲು ಬದಲಾಗಿ, ಲಿಂಗ ಅವರವರದೇ ಅವರಿಗೆ ಹೋಗಿದ್ದರೆ ಚಿಂತೆಯಿಲ್ಲ. ಆದರೆ ಮರುದಿನ ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಜಗಲಿಯಿಂದ ಒಬ್ಬರದನ್ನು ಒಬ್ಬರು ಹಾಗೇ ಎತ್ತಿ ಹಾಕಿಕೊಂಡಿದ್ದರೆ? ಹಾಗಾದರೆ ನಾವು ಮಣ್ಣಿಗಿಟ್ಟದ್ದು ಬದುಕಿರುವ ಮಗಳ ಲಿಂಗವನ್ನು. ಎಲ್ಲ ಲಿಂಗಗಳೂ ಕಪ್ಪಗೆ, ನುಣ್ಣಗೆ ಒಂದೇ ಥರ. ಯಾರನ್ನು ಕೇಳುವುದು? ಗೊತ್ತಿದ್ದವಳು ಹೋಗಿದ್ದಳು.

ಹೆಂಡತಿಯ ಅಕ್ಕನನ್ನು ಸುಮ್ಮನೆ, ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ ಕೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಿದರು.

"ಬದುಕಿದ್ದೋರ ಲಿಂಗ ಮಣ್ಣಿಗೆ ಹೋಯ್ತಾ? ಶಿವನೇ! ಲಿಂಗ ಅಂದ್ರೆ ಪ್ರಾಣ ಅಲ್ಲೇನ್ರಿ? ಅದು ಹೋದ ಮ್ಯಾಲೆ ಮನುಷ್ಯ ಏನು ಉಳಿದಂಗೆ?"

ಅಷ್ಟೇ ಅಂದು ಮತ್ತೆ ಸುಲಿಯತೊಡಗಿದರು. ಅವರಿಗೆ ಅದು ಬೇರೆಯವರ ಮನೆಯ ಮಾತು.

ಬಸ್ಸು ಹತ್ತಿ ನಂದಿಗುಡಿಗೆ ಹೋಗಿ, ನಮಗೆ ಪರಿಚಯದ ಅಯ್ಯನವರನ್ನೂ ಕೇಳಿದೆ. "ಯಾರ ಮನೇದು ಇದು?" ಅಂದರು. ಗುತ್ತೂರಿನ ಒಬ್ಬರದು ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಗುತ್ತೂರಿನೋರಿಗೆ ಹೇಳ್ರಿ, ಇನ್ನೊಂದು ಲಿಂಗ ಪೂಜೆ ಮಾಡಿಸಿ ಕಟ್ಟಿದ್ರಾಯ್ತು. ಅದಕ್ಯಾಕೆ ಊಟ ಬಿಟ್ಟು ಹಿಂಗೆ ಸೊರಗ್ಯಾರೆ ಅವರು?"

ಹೊಸ ಲಿಂಗವನ್ನು ಅವರೇ ಪೂಜೆ ಮಾಡಿ, ಹೊಸ ಕರಡಿಗೆಯಲ್ಲಿಟ್ಟು ಕೊಟ್ಟರು. ಮಗಳು ಮೊದಲಿಂದ ಕರೆಯುತ್ತಲೇ ಇದ್ದಳು. "ಒಬ್ಬರೇ ಅಲ್ಲಿ ಗೋಡೆ ನೋಡ್ಕೊಂತ ಏನ್ಮಾಡ್ತೀರಿ ಅಪ್ಪಾಜಿ, ಸ್ವಲ್ಪ ದಿನ ಬರ್ರಿ." ನಾನು ಕಾರ್ಖಾನೆಯಲ್ಲಿ ಸ್ಟೋರ್ ಕೆಲಸ ಮಾಡಿ ನಿವೃತ್ತನಾದವನು. ಬೆಂಗಳೂರಿಗೇ ಬೆರಳೆಣಿಕೆಯಷ್ಟು ಸಲ ಹೋದವನು. ಆದರೂ ಹೊರಟೆ. ನನ್ನ ಕರಡಿಗೆ ಕೊರಳಲ್ಲಿ, ಹೊಸದು ಅಂಗಿಯ ಒಳಜೇಬಿನಲ್ಲಿ. ಮಗಳಿಗೆ ಭಯ ಹುಟ್ಟಿಸದೆ ಇದನ್ನು ಅವಳ ಕೊರಳಿಗೆ ಕಟ್ಟಿ ಬರಬೇಕು, ಅಷ್ಟೇ ನನ್ನ ಕೆಲಸ ಅಂದುಕೊಂಡೆ. ದಾರಿಯುದ್ದಕ್ಕೂ ಆಗಾಗ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದವರು ನನಗೆ ಎದೆನೋವಿರಬೇಕೆಂದು ತಿಳಿದು ನೀರು ಬೇಕಾ ಎಂದು ಕೇಳಿದರು.

ಮಗಳು ತೆಳ್ಳಗಾಗಿದ್ದಳು, ಬಿಸಿಲಿಗೆ ಕಪ್ಪಾಗಿದ್ದಳು. ನಾನು ಕೊಟ್ಟ ಶೇಂಗಾ ಚಟ್ನಿಪುಡಿಯ ಗಂಟನ್ನು ಮೂಸಿ ನೋಡಿ ಅತ್ತಳು, ಆಮೇಲೆ ನಕ್ಕಳು. ತಾಯಿ ಹೋದ ಮೇಲೆ ಅವಳಿಗೆ ಒಂದು ಹೊಸ ಅಭ್ಯಾಸ ಬಂದಿತ್ತು. ರಜಾ ಸಿಕ್ಕ ದಿನವೆಲ್ಲ ಯಾವುದಾದರೂ ಬೆಟ್ಟ ಹತ್ತುವುದು. ಕೆಲವು ಸಲ ಒಬ್ಬಳೇ.

"ಒಬ್ಬಳೇ ಯಾಕ ಹೋಗ್ತಿ?" ಅಂದೆ.

"ಮಾತಾಡ್ಬೇಕಾಗಲ್ಲ ಅಪ್ಪಾಜಿ, ಅದಕ್ಕೆ."

"ಫೋನು ಸಿಗ್ತೈತಾ ಅಲ್ಲಿ?"

"ಒಂದೊಂದು ಕಡೆ ಸಿಗಲ್ಲ. ನೀವು ಇನ್ಮ್ಯಾಲೆ ಅದೊಂದು ಚಿಂತಿ ಹಚ್ಕೋಬ್ಯಾಡ್ರಿ."

ಹಚ್ಚಿಕೊಂಡಾಗಿತ್ತು.

ಮೊದಲು ಕರೆದುಕೊಂಡು ಹೋದದ್ದು ಟ್ರೂಡೋಸ್ ಬೆಟ್ಟಗಳಿಗೆ. ಆ ದ್ವೀಪದ ಅತಿ ಎತ್ತರದ ಶಿಖರ ಅಲ್ಲಿದೆ. ಕೆಳಗೆ ಸೆಖೆ; ಮೇಲೆ ಹೋದಂತೆ ಗಾಳಿ ತಣ್ಣಗಾಗಿ, ಸೂಜಿಯಂಥ ಎಲೆಗಳ ಮರಗಳು ಶುರುವಾದವು. ಕೆಲವು ಮರಗಳು ಗಾಳಿಗೆ ತಿರುಚಿಕೊಂಡು, ಹಿಂಡಿದ ಬಟ್ಟೆಯ ಹಾಗೆ ನಿಂತಿದ್ದವು. ತುತ್ತ ತುದಿಯಲ್ಲಿ ಸೈನ್ಯದವರ ಬೇಲಿ, ಒಳಗೆ ರೇಡಾರಿನ ದೊಡ್ಡ ಬಿಳಿಯ ಗೋಳಗಳು. ಅಲ್ಲಿಗೆ ಯಾರನ್ನೂ ಬಿಡುವುದಿಲ್ಲವಂತೆ. ಶಿಖರವನ್ನು ಬಳಸಿಕೊಂಡು ಒಂದು ಕಾಲುದಾರಿ ಹೋಗುತ್ತದೆ. ಎಡಕ್ಕೆ ಗುಡ್ಡ, ಬಲಕ್ಕೆ ಏನೂ ಇಲ್ಲ. ಏನೂ ಇಲ್ಲದ ಕಡೆಯಲ್ಲೇ ಮಗಳು ನಡೆಯುತ್ತಿದ್ದಳು.

ನಾನು ಅವಳ ಬೆನ್ನಚೀಲದ ಪಟ್ಟಿ ಹಿಡಿದುಕೊಂಡೆ.

"ಏನ್ರಿ ಅಪ್ಪಾಜಿ, ಸಂತ್ಯಾಗೆ ಮಗಳು ತಪ್ಪಿಸ್ಕೊಂತಾಳೆ ಅಂತಾ?"

"ಈ ಕಡೀಗೆ ಬಂದು ನಡಿ."

"ಹರಿಹರದ ಸೇತುವೆ ಮ್ಯಾಲೆ ನಿಂತು ಹೊಳೆ ನೋಡಾಕೂ ಹೆದರೋರು ನೀವು. ಅವ್ವ ಹೇಳ್ತಿದ್ಲು, ಮದುವ್ಯಾದ ಹೊಸದಾಗಿ ಸೇತುವೆ ದಾಟೋವಾಗ ಅವಳ ಸೆರಗು ಹಿಡ್ಕೊಂಡಿದ್ರಂತೆ."

"ಅವಳು ಬೀಳ್ತಾಳೆ ಅಂತ ಹಿಡ್ಕೊಂಡಿದ್ದೆ."

"ಅವಳು ಹೇಳಿದ್ದು ಬ್ಯಾರೇನೇ ಐತೆ."

ಒಂದು ಬಂಡೆಯ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. ದೂರದಲ್ಲಿ ಸಮುದ್ರ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಹೇಳಲು ಇದೇ ಹೊತ್ತು ಅಂದುಕೊಂಡೆ. ಸುಮ್ಮನೆ, ತಾಯಿಯ ನೆನಪಿಗೆ ಹೊಸದು ತಂದಿದ್ದೇನೆ ಅಂದರಾಯಿತು. ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳು ಕೆಳಗಿನ ಹಳ್ಳಿ ತೋರಿಸಲು ಅಂಚಿನಲ್ಲಿ ಮುಂದಕ್ಕೆ ಬಾಗಿದಳು. ಕರಡಿಗೆ ಕೊರಳಿಂದ ಹೊರಬಂದು ಕಣಿವೆಯ ಮೇಲೆ ತೂಗಾಡಿತು. ನೆಗ್ಗು ಬಿಸಿಲಿಗೆ ಮಿಂಚಿತು. ಅವಳು ಅದನ್ನು ಒಳಗೆ ಸೇರಿಸಿಕೊಂಡು ಹಿಂದೆ ಸರಿದು ಕೂರುವವರೆಗೆ ನಾನು ಅವಳ ಅಂಗಿಯ ಅಂಚು ಹಿಡಿದುಕೊಂಡಿದ್ದೆ. ಆಮೇಲೆ ಹೇಳುವ ಶಕ್ತಿಯೇ ಉಳಿಯಲಿಲ್ಲ.

ಮುಂದಿನ ರಜೆಗೆ ಇನ್ನೊಂದು ಶಿಖರ. ಅದರ ತುದಿಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ನೋಡಿ ತಿಳಿಸುವ ಕಾವಲುಗಾರನ ಪುಟ್ಟ ಮನೆ ಇದೆ. ಅಲ್ಲಿಗೆ ಹತ್ತುವ ದಾರಿಯ ತುಂಬ ಜಲ್ಲಿಯಂಥ ಸಡಿಲ ಕಲ್ಲು. ನನ್ನ ಕಣ್ಣೆದುರೇ ಮಗಳ ಕಾಲು ಜಾರಿತು. ಅವಳು ಕೂತಲ್ಲೇ ಕೆಳಗೆ ಜರುಗಿ, ಒಂದು ಪೊದೆಯನ್ನು ಹಿಡಿದು ನಿಂತಳು. ಮೊಣಕಾಲು ತರಚಿ ರಕ್ತ ಬಂದಿತ್ತು. ಅಷ್ಟೇ. ಅವಳು ತಾನೇ ಚೀಲದಿಂದ ಹತ್ತಿ ತೆಗೆದು ಒರೆಸಿಕೊಂಡಳು. ದಿನವೂ ಮುದುಕರ ಗಾಯ ಕಟ್ಟುವವಳಿಗೆ ಅದು ಏನೂ ಅಲ್ಲ. ಮೇಲಿನ ಕಾವಲುಗಾರ ನಮ್ಮನ್ನು ನೋಡಿ ನೀರು ಕೊಟ್ಟ. ಅವಳ ಮೊಣಕಾಲನ್ನೂ ನನ್ನ ಮುಖವನ್ನೂ ನೋಡಿ, ಕುರ್ಚಿಯನ್ನು ನನಗೇ ಹಾಕಿದ.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಶಕುನ, ಗಿಕುನ ಅಂತ ತಲೆ ಕೆಡಿಸಿಕೊಂಡವನಲ್ಲ. ಹೆಂಡತಿ ಬೆಕ್ಕು ಅಡ್ಡ ಬಂತೆಂದು ನಿಂತರೆ ನಗುತ್ತಿದ್ದೆ. ಆದರೆ ಆ ದಿನ ಕುರ್ಚಿಯಲ್ಲಿ ಕೂತು, ಅವಳ ಅಕ್ಕ ಅವರೆಕಾಯಿ ಸುಲಿಯುತ್ತಾ ಅಂದ ಮಾತನ್ನು ಬಾಯಿಪಾಠದ ಹಾಗೆ ಒಳಗೇ ಹೇಳಿಕೊಳ್ಳುತ್ತಿದ್ದೆ. ಇಳಿಯುವಾಗ ಮಗಳ ಮುಂದೆ ನಾನೇ ನಡೆದೆ. ಬಿದ್ದರೆ ನನ್ನ ಮೇಲೆ ಬೀಳಲಿ ಎಂದು.

ಇನ್ನು ಬೆಟ್ಟ ಬ್ಯಾಡ ಅಂದೆ. "ಆಯ್ತು, ಹಂಗಾದ್ರೆ ನೆಲದ ಕೆಳಗೆ ಹೋಗಣ ಬರ್ರಿ" ಅಂದಳು.

ಪಾಫೋಸ್ ಎಂಬ ಊರಿನ ಬಳಿ, ಸಮುದ್ರದ ದಂಡೆಯಲ್ಲಿ, ಬಂಡೆಯಲ್ಲೇ ಕೊರೆದ ಹಳೆಯ ಗೋರಿಗಳಿವೆ. ಸಾವಿರಾರು ವರ್ಷ ಹಳೆಯವು. ಮೇಲಿಂದ ನೋಡಿದರೆ ಬರೀ ಹಳದಿ ಬಂಡೆ, ಮುಳ್ಳುಗಿಡ, ಹಲ್ಲಿಗಳು. ಹತ್ತಿರ ಹೋದರೆ ನೆಲದಲ್ಲಿ ಚೌಕದ ಬಾಯಿ, ಮೆಟ್ಟಿಲು. ಕೆಳಗಿಳಿದರೆ ಅಂಗಳ, ಅಂಗಳದ ಸುತ್ತ ಕಂಬ, ಕಂಬದ ಹಿಂದೆ ಕತ್ತಲೆ ಕೋಣೆ. ನಮ್ಮ ಕಡೆಯ ತೊಟ್ಟಿಮನೆಯನ್ನು ನೆಲದಲ್ಲಿ ಹೂತಿಟ್ಟ ಹಾಗಿತ್ತು.

"ರಾಜರ ಗೋರಿ ಅಂತಾರೆ" ಅಂದಳು ಮಗಳು. "ಆದ್ರೆ ರಾಜರು ಯಾರೂ ಇಲ್ಲಿಲ್ವಂತೆ. ಊರಾಗಿನ ಉಳ್ಳೋರದ್ದಂತೆ. ಸತ್ತ ಮ್ಯಾಲೂ ಮನೆ ಥರಾನೇ ಬೇಕು ಅಂತ ಮಾಡಿಸ್ಕೊಂಡಾರೆ."

"ನಮ್ಮ ದಾವಣಗೆರೆ ಪಿ.ಜೆ. ಬಡಾವಣೆಯ ಸಾಹುಕಾರರು ಆಗಿದ್ರೆ ಮ್ಯಾಲೆ ಒಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡ್ತಿದ್ರು" ಅಂದೆ.

ಅವಳು ಗಟ್ಟಿಯಾಗಿ ನಕ್ಕಳು. ಆ ನಗು ಕೋಣೆಯೊಳಗೆ ಹೋಗಿ ತಿರುಗಿ ಬಂತು. ಹೆಂಡತಿ ಹೋದ ಮೇಲೆ ನಾನು ಮಾಡಿದ ಮೊದಲ ತಮಾಷೆ ಅದು.

ಒಳಗೆ ಹೋದೆವು. ತಣ್ಣಗಿತ್ತು. ಮಣ್ಣಿನ ವಾಸನೆ. ಗೋಡೆಯಲ್ಲಿ ಸಾಲಾಗಿ ಗೂಡುಗಳು. ಉದ್ದನೆಯವು ದೊಡ್ಡವರಿಗೆ, ಸಣ್ಣವು ಮಕ್ಕಳಿಗೆ ಎಂದು ಮಗಳು ಹೇಳುತ್ತಿದ್ದಳು. ನಾನು ಗೂಡಿನ ಅಂಚು ಮುಟ್ಟಿ ನೋಡಿದೆ. ಉಳಿಯ ಗುರುತು ಬೆರಳಿಗೆ ತಾಗುತ್ತಿತ್ತು. ಹರಿಹರದ ರುದ್ರಭೂಮಿಯಲ್ಲಿ ಗುಣಿ ತೋಡಿದವರು ಗೂಡು ಕೊರೆದಾಗಲೂ ಗೋಡೆಯ ಮೇಲೆ ಗುದ್ದಲಿಯ ಗುರುತುಗಳು ಹೀಗೆಯೇ ಇದ್ದವು. ಆ ಗೂಡಿನ ಒಳಗೆ ನಾನೇ ಇಳಿದು ಕೈಯಿಂದ ಸವರಿ ನುಣುಪು ಮಾಡಿದ್ದೆ. ಅವಳ ಬೆನ್ನಿಗೆ ಚುಚ್ಚಬಾರದೆಂದು.

"ಅಪ್ಪಾಜಿ, ಇಲ್ನೋಡ್ರಿ."

ತಿರುಗಿದೆ. ನೆಲಮಟ್ಟದ ಒಂದು ಅಗಲವಾದ ಗೂಡಿನೊಳಗೆ ಮಗಳು ಕೂತಿದ್ದಳು. ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ತಲೆ ತುಸು ಬಗ್ಗಿಸಿ. ಎಡಗೈ ಮಡಿಲಲ್ಲಿ ಅಂಗೈ ಮೇಲಾಗಿತ್ತು. ಮುಖದ ಅರ್ಧಕ್ಕೆ ಮಾತ್ರ ಬೆಳಕು. ತಾಯಿಯ ಗಲ್ಲ, ತಾಯಿಯ ಹುಬ್ಬು.

"ಏಳು!" ಎಂದು ಕಿರುಚಿದೆ. "ಏಳು ಅಲ್ಲಿಂದ! ಹೊರಗೆ ಬಾ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಅವಳ ತಲೆ ಕಲ್ಲಿಗೆ ತಾಗಿತು. ಅಂಗಳದಲ್ಲಿದ್ದ ಇಬ್ಬರು ಪ್ರವಾಸಿಗಳು ಓಡಿ ಬಂದು ಬಾಗಿಲಲ್ಲಿ ನಿಂತರು. ಮಗಳು ಅವರಿಗೆ ಏನೋ ಹೇಳಿ ಕಳಿಸಿದಳು. ಆಮೇಲೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ನಾಡಿ ಹಿಡಿದು, ವಾಚು ನೋಡಿದಳು.

"ಕೂಡ್ರಿ. ಮೆಲ್ಲಕೆ ಉಸಿರು ತಗೋಳ್ರಿ. ಏನಾತು? ಅವ್ವ ನೆನಪಾದ್ಲಾ?"

ಜೇಬಿನಿಂದ ಹೊಸ ಕರಡಿಗೆ ತೆಗೆದು ಅವಳ ಕೈಗಿಟ್ಟೆ. ಎಲ್ಲ ಹೇಳಿದೆ. ಜಗಲಿಯ ಮೇಲಿದ್ದ ನೆಗ್ಗಿಲ್ಲದ ಕರಡಿಗೆ, ಫೋನಿನಲ್ಲಿ ಕಂಡ ನೆಗ್ಗು, ಅವಳ ದೊಡ್ಡಮ್ಮ ಅಂದ ಮಾತು, ಅಯ್ಯನವರು. "ನಿನ್ನ ಲಿಂಗ ಅವಳ ಜೊತೆ ಮಣ್ಣಾಗೈತೆ ಕಣವ್ವ. ಇದನ್ನಾದ್ರೂ ಕಟ್ಕೋ. ನಾನು ಇಲ್ಲಿ ಇರೋವಾಗ್ಲೇ ಕಟ್ಕೋ."

ಅವಳು ಹೊಸ ಕರಡಿಗೆಯನ್ನು ತಿರುಗಿಸಿ ನೋಡಿದಳು. ತಲೆಗೆ ಪೆಟ್ಟಾದ ಕಡೆ ಉಜ್ಜಿಕೊಳ್ಳುತ್ತಿದ್ದಳು.

"ನಂಗೆ ಗೊತ್ತು ಅಪ್ಪಾಜಿ" ಅಂದಳು.

"ಏನು ಗೊತ್ತು?"

"ಇಲ್ಲಿಗೆ ಬಂದ ಮಾರನೇ ದಿನಾನೇ ಗೊತ್ತಾತು. ಪೂಜೆಗೆ ತೆಗೆದಾಗ ನೆಗ್ಗು ಕಾಣ್ತಲ್ಲ. ಅವ್ವಗೆ ಫೋನ್ ಮಾಡಿದೆ. ಅವಳೂ ನೋಡ್ಕೊಂಡಿದ್ಲು. ಕರಡಿಗೆ ಅಷ್ಟೇ ಅಲ್ಲ, ಲಿಂಗಾನೂ ಅದಲು ಬದಲಾಗಿತ್ತು. ತೊಳೆದ ಮ್ಯಾಲೆ ಅವರವರ ಲಿಂಗ ಅವರವರ ಕರಡಿಗ್ಯಾಗೇ ಇಟ್ಟಿದ್ದು ಅವ್ವಗೆ ನೆನಪಿತ್ತು. ಗಡಿಬಿಡ್ಯಾಗೆ ಇಡೀದನ್ನೇ ಎತ್ತಿ ಕೊರಳಿಗೆ ಹಾಕ್ಕೊಂಡಿದ್ವಿ. ಈಗ ಏನ್ಮಾಡದು ಅಂದೆ. ಇರ್ಲಿ ಬಿಡೇ, ನೀ ಬರೋತನಕ ನಂದು ನಿನ್ನ ಕಾಯ್ಲಿ, ನಿಂದು ನನ್ನ ಹತ್ರ ಇರ್ಲಿ, ದಿನಾ ಕೈಯಾಗೆ ಹಿಡ್ಕೊಂಡ್ರೆ ನಿನ್ನ ಹಿಡ್ಕೊಂಡಂಗೆ ಆಗ್ತೈತೆ ಅಂದ್ಲು. ನಿಮ್ಮ ಅಪ್ಪಾಜಿಗೆ ಹೇಳ್ಬ್ಯಾಡ, ಸುಮ್ನೆ ಹೆದರ್ತಾರೆ ಅಂದ್ಲು."

ನಾನು ಅವಳ ಮುಖ ನೋಡಿದೆ. "ಹಂಗಾದ್ರೆ ಅವತ್ತು… ಫೋನಿನಾಗೆ ನೋಡ್ತಿದ್ದಿಯಲ್ಲ. ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ರಿ? ವಾಪಸ್ ತೆಗೀತಿದ್ರಿ. ನಂದು ಅಂತ ಅವ್ವನ ಕೈಯಾಗಿಂದ ಕಿತ್ಕೊಂಡು, ಖಾಲಿ ಕೈಯಾಗೆ ಕಳಿಸ್ಬೇಕಿತ್ತಾ?"

ತಾಯಿ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಚಟ್ನಿಪುಡಿ ಮೂಸಿದಾಗ, ಅದೂ ಒಂದು ಗಳಿಗೆ. ಈಗ ಮೆಟ್ಟಿಲ ಮೇಲೆ, ಯಾರದೋ ಗೋರಿಯ ಅಂಗಳದಲ್ಲಿ, ಮೊಣಕಾಲಿಗೆ ಮುಖ ಒತ್ತಿ ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಮೇಲೆ ಸಮುದ್ರದ ಸದ್ದು ಕೇಳಿಸುತ್ತಿತ್ತು.

ಹೊಸದನ್ನು ಅಲ್ಲಿ ಕಟ್ಟಿಕೊಳ್ಳಲು ಅವಳು ಒಪ್ಪಲಿಲ್ಲ. ನಾನು ಬೇಡಿಕೊಂಡೆ, ಸಿಟ್ಟು ಮಾಡಿದೆ. ತಾಯಿಯದನ್ನು ಬಿಚ್ಚಿ ಎಲ್ಲಿ ಇಡಲಿ, ಈ ಬಾಡಿಗೆ ಕೋಣೆಯ ಕಪಾಟಿನಲ್ಲಾ ಎಂದು ಕೇಳಿದಳು. ಕೊನೆಗೆ ಅವಳೇ ಒಂದು ತೀರ್ಮಾನ ಹೇಳಿದಳು.

"ವರ್ಷದ ಕಾರ್ಯಕ್ಕೆ ಬರ್ತೀನಿ. ಅವ್ವನ ಸಮಾಧಿ ಮುಂದೆ ಅಯ್ಯನವರ ಕೈಲಿ ಹೊಸದು ಕಟ್ಟಿಸ್ಕೊಂತೀನಿ. ಅವ್ವಂದನ್ನ ಅವ್ವನ ಹತ್ರಾನೇ ಮಣ್ಣಾಗೆ ಇಡಣ. ಅಲ್ಲಿತನಕ ಇದು ನನ್ನ ಕಾಯ್ಲಿ. ಹೊಸದು ಜಗಲಿ ಮ್ಯಾಲೆ ನಿಮ್ಮ ಹತ್ರ ಇರ್ಲಿ."

"ಅಲ್ಲಿತನಕ ಬೆಟ್ಟ ಹತ್ತಬ್ಯಾಡ."

"ಅದಾಗಲ್ಲ ಅಪ್ಪಾಜಿ."

"ಹಂಗಾದ್ರೆ ಪ್ರತಿ ಸಲ ಫೋಟೊ ಕಳಿಸು."

"ಕಳಿಸ್ತೀನಿ. ನೆಗ್ಗು ಕಾಣಂಗೆ ಕಳಿಸ್ತೀನಿ, ಸಾಕಾ?" ಎಂದು ಮೂಗು ಒರೆಸಿಕೊಂಡಳು.

ಹರಿಹರಕ್ಕೆ ಮರಳಿದ ಮೇಲೆ ಹೊಸ ಕರಡಿಗೆಯನ್ನು ಜಗಲಿಯ ಮೇಲೆ, ನೆಗ್ಗಿಲ್ಲದ ಖಾಲಿ ಕರಡಿಗೆಯ ಪಕ್ಕದಲ್ಲಿ ಇಟ್ಟಿದ್ದೇನೆ. ದಿನವೂ ಪೂಜೆಗೆ ಕೂತಾಗ ಎರಡಕ್ಕೂ ವಿಭೂತಿ ಹಚ್ಚುತ್ತೇನೆ. ನಂದಿಗುಡಿಗೆ ಹೋಗಿ ವಿಷಯ ಹೇಳಿದಾಗ ಅಯ್ಯನವರು, "ಗುತ್ತೂರಿನೋರು ಈಗ ಊಟ ಮಾಡ್ತಾರೇನ್ರಿ?" ಎಂದು ಕೇಳಿದರು. ಸ್ವಲ್ಪ ಮಾಡ್ತಾರೆ ಅಂದೆ.

ಮಗಳು ಮಾತು ತಪ್ಪಿಲ್ಲ. ಬೆಟ್ಟ ಹತ್ತಿದ ದಿನ ತುದಿಯಲ್ಲಿ ನಿಂತು, ಕರಡಿಗೆಯನ್ನು ಜಾಕೀಟಿನ ಹೊರಗೆ ತೆಗೆದು, ನೆಗ್ಗಿದ ಬದಿ ಮುಂದೆ ಮಾಡಿ ಹಿಡಿದು ಫೋಟೊ ಕಳಿಸುತ್ತಾಳೆ. ನಾನು ಎರಡು ಬೆರಳಿನಿಂದ ದೊಡ್ಡದು ಮಾಡಿ ಮೊದಲು ನೆಗ್ಗನ್ನು ನೋಡುತ್ತೇನೆ. ಆಮೇಲೆ ಅವಳ ಕಾಲು ಅಂಚಿನಿಂದ ಎಷ್ಟು ದೂರ ಇದೆ ಎಂದು ನೋಡುತ್ತೇನೆ. ಮುಖ ನೋಡುವುದು ಕಡೆಗೆ. ನಂದು ನಿನ್ನ ಕಾಯ್ಲಿ ಎಂದು ಅವಳ ತಾಯಿ ಹೇಳಿದ್ದು ನಿಜವಾಗಲಿ ಎಂದು ಬೇಡಿಕೊಳ್ಳುತ್ತೇನೆ. ದೊಡ್ಡಮ್ಮ ಹೇಳಿದ್ದೂ ಕಿವಿಯಿಂದ ಪೂರ್ತಿ ಹೋಗಿಲ್ಲ.

ಇವತ್ತು ಅವಳಿಗೆ ರಜೆ. ಇಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅಲ್ಲಿ ಇನ್ನೂ ಬಿಸಿಲಿರುತ್ತದೆ. ಕಾವಲುಗಾರನ ಮನೆ ಇರುವ ಬೆಟ್ಟಕ್ಕೆ ಹೋಗುತ್ತೇನೆ ಎಂದು ಬೆಳಿಗ್ಗೆ ಹೇಳಿದ್ದಳು. ಸಡಿಲ ಕಲ್ಲಿನ ಆ ದಾರಿ ನನಗೆ ಗೊತ್ತು. ಫೋಟೊ ಇನ್ನೂ ಬಂದಿಲ್ಲ. ಜಗಲಿಯ ಮುಂದೆ ಕೂತಿದ್ದೇನೆ, ಫೋನು ಎಡಗೈಯಲ್ಲಿದೆ.